ಓದದ ಕಪಾಟಿನ ಮೇಲೆ ತೀರ್ಪು



ಈ ಪುಟವನ್ನು ನಡೆಸುವ ಸ್ವಯಂಸೇವಕರಾದ ನಾವು ಇಲ್ಲಿ ಸಾಮಾನ್ಯವಾಗಿ ಯುಗಾದಿಯ ಊಟದ ವಿವರವನ್ನೋ, ನಾಟಕದ ತಾಲೀಮಿನ ವೇಳೆಯನ್ನೋ, ಸದಸ್ಯತ್ವ ನವೀಕರಣದ ಕಡೆಯ ದಿನಾಂಕವನ್ನೋ ಬರೆಯುತ್ತೇವೆ. ಜಗಳ ಕಾಯುವುದು ನಮ್ಮ ವಾಡಿಕೆಯಲ್ಲ. ಈ ಸಲ ಕಾಯಬೇಕಾಗಿ ಬಂದಿದೆ. ಅದೂ ಮೊದಲು ನಮ್ಮೊಡನೆಯೇ.

ನಡೆದದ್ದು ಹೀಗೆ. ಕಳೆದ ರಾಜ್ಯೋತ್ಸವದ ಸಂಚಿಕೆಯಲ್ಲಿ ಭಾಷಾಭಿಮಾನದ ಕುರಿತ ಲೇಖನವೊಂದನ್ನು ಪ್ರಕಟಿಸಿದೆವು. ಅದರ ನೆತ್ತಿಯ ಮೇಲೆ, 1835ರ ಫೆಬ್ರವರಿ 2ರಂದು ಮೆಕಾಲೆ ಬ್ರಿಟಿಷ್ ಪಾರ್ಲಿಮೆಂಟಿನಲ್ಲಿ ಮಾಡಿದನೆನ್ನಲಾದ ಭಾಷಣದ ತುಣುಕೊಂದನ್ನು ಚೌಕಟ್ಟು ಕಟ್ಟಿ ಇರಿಸಿದ್ದೆವು. ಭಾರತದ ಉದ್ದಗಲ ಸಂಚರಿಸಿದರೂ ಒಬ್ಬ ಭಿಕ್ಷುಕನನ್ನಾಗಲಿ ಒಬ್ಬ ಕಳ್ಳನನ್ನಾಗಲಿ ತಾನು ಕಾಣಲಿಲ್ಲ, ಈ ನಾಡಿನ ಬೆನ್ನೆಲುಬಾದ ಸಂಸ್ಕೃತಿಯನ್ನು ಮುರಿಯದೆ ಇದನ್ನು ಗೆಲ್ಲಲಾಗದು ಎಂಬ ತಾತ್ಪರ್ಯದ ಆ ಮಾತುಗಳನ್ನು ತಾವೂ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹತ್ತಾರು ಸಲ ಕಂಡಿರುತ್ತೀರಿ. ನಾವೂ ಅಲ್ಲಿಂದಲೇ ಎತ್ತಿಕೊಂಡದ್ದು.

ಎರಡೇ ದಿನಗಳಲ್ಲಿ ನಮಗೊಂದು ಇಮೇಲ್ ಬಂತು. ಬರೆದವಳು ಒಂದು ಕಾಲಕ್ಕೆ ನಮ್ಮ ಭಾನುವಾರದ ಕನ್ನಡ ತರಗತಿಯಲ್ಲಿ ಅಕ್ಷರ ತಿದ್ದಿದ ಹುಡುಗಿ. ಈಗ ಇಲ್ಲಿನದೇ ಒಂದು ವಿಶ್ವವಿದ್ಯಾಲಯದಲ್ಲಿ ಮೂರನೆಯ ವರ್ಷದ ವಿದ್ಯಾರ್ಥಿನಿ. ‘ಅಂಕಲ್ ಆಂಟಿಯರಿಗೆ ನಮಸ್ಕಾರ’ ಎಂದು ಮೊದಲಾಗುವ ಆ ಪತ್ರದಲ್ಲಿ ಒತ್ತಕ್ಷರದ ತಪ್ಪುಗಳು ನಾಲ್ಕಾರು ಇದ್ದವು. ಸಂಗತಿಯ ತಪ್ಪು ಒಂದೂ ಇರಲಿಲ್ಲ. ನಾವು ಹೇಳಿದ ದಿನ ಮೆಕಾಲೆ ಲಂಡನ್ನಿನಲ್ಲಿ ಇರಲೇ ಇಲ್ಲ, ಕಲ್ಕತ್ತೆಯಲ್ಲಿದ್ದ. 1834ರ ಜೂನ್ ತಿಂಗಳಲ್ಲಿ ಮದರಾಸಿನಲ್ಲಿ ಹಡಗಿಳಿದವನು ಇಂಗ್ಲೆಂಡಿಗೆ ಮರಳಿದ್ದು 1838ರಲ್ಲಿ. ಅದೇ ಫೆಬ್ರವರಿ 2ರ ದಿನಾಂಕವನ್ನು ಹೊತ್ತಿರುವುದು ಶಿಕ್ಷಣದ ಕುರಿತು ಅವನು ಬರೆದ ಪ್ರಸಿದ್ಧ ಟಿಪ್ಪಣಿ. ಅದರಲ್ಲಿ ನಾವು ಉದ್ಧರಿಸಿದ ಮಾತುಗಳು ಎಲ್ಲಿಯೂ ಇಲ್ಲ. ಕೊನೆಗೆ ಒಂದು ಪ್ರಶ್ನೆ: ‘ಇದರ ಮೂಲ ಎಲ್ಲಿ ಸಿಕ್ಕಿತು ಎಂದು ತಿಳಿಸುತ್ತೀರಾ?’

ನಾವು ಉತ್ತರಿಸಲಿಲ್ಲ. ಐದು ತಿಂಗಳು ಉತ್ತರಿಸಲಿಲ್ಲ. ಲೇಖನ ಬರೆದ ಹಿರಿಯರಿಗೆ ನೋವಾದೀತು ಎಂದು ಒಬ್ಬರು ಹೇಳಿದರು. ಭಾವನೆ ಮುಖ್ಯ, ದಿನಾಂಕವಲ್ಲ ಎಂದು ಇನ್ನೊಬ್ಬರು. ಪತ್ರ ಹಾಗೆಯೇ ಉಳಿಯಿತು. ಯುಗಾದಿಯ ಊಟದ ಸಾಲಿನಲ್ಲಿ ಅವಳ ತಾಯಿ ಸಿಕ್ಕಿ, ಮಗಳು ಕಂಪ್ಯೂಟರ್ ಸೈನ್ಸ್ ಬಿಟ್ಟು ಅಂತರಶಿಸ್ತೀಯ ಪದವಿಗೆ ಹೋಗಿದ್ದಾಳೆ, ಜೊತೆಗೆ ಗ್ರಂಥಾಲಯದವರು ನಡೆಸುವ ‘ಮಾಹಿತಿ ಸಾಕ್ಷರತೆ’ ಎಂಬ ಕೋರ್ಸನ್ನೂ ತೆಗೆದುಕೊಂಡಿದ್ದಾಳೆ, ನೀವಾದರೂ ಬುದ್ಧಿ ಹೇಳಿ ಎಂದರು. ಅವಳ ಪತ್ರಕ್ಕೆ ಬಾಯಿ ಬಿಡದ ನಾವು ಆಗ ಎಷ್ಟು ಸರಾಗವಾಗಿ ಬಾಯಿ ಬಿಟ್ಟೆವೆಂದರೆ! ಅದನ್ನು ಓದಿ ಯಾವ ಕೆಲಸ ಸಿಗುತ್ತದೆ ಎಂದೆವು. ಅಷ್ಟು ಫೀಸು ಕಟ್ಟಿ ಅದನ್ನೇ ಓದಬೇಕೆ ಎಂದೆವು. ಒಬ್ಬರು, ಅವರೂ ನಮ್ಮವರೇ, ನಕ್ಕು ಹೇಳಿದರು: ‘ಗೂಗಲ್ ಮಾಡೋದಕ್ಕೂ ಕಾಲೇಜಿನಲ್ಲಿ ಪಾಠ ಬೇಕೇನ್ರೀ?’

ಬೇಕು. ಹಾಗೆಂದು ಈಗ ಬರೆಯುತ್ತಿದ್ದೇವೆ.

ಈ ನಗೆಗೆ ಉತ್ತರ ದೂರವಿಲ್ಲ. ಗೂಗಲ್ಲಿನ ಮೌಂಟನ್ ವ್ಯೂನಿಂದ ಕೆಲವೇ ಮೈಲಿಗಳಾಚೆ ಇರುವ ಸ್ಟ್ಯಾನ್‌ಫರ್ಡ್‌ನಲ್ಲಿ ಸ್ಯಾಮ್ ವೈನ್‌ಬರ್ಗ್ ಮತ್ತು ಸಂಗಡಿಗರು ಈ ಪ್ರಶ್ನೆಯನ್ನು ವರ್ಷಗಟ್ಟಲೆ ಪರೀಕ್ಷಿಸಿದ್ದಾರೆ. 2016ರಲ್ಲಿ ಅವರು ಪ್ರಕಟಿಸಿದ ವರದಿಗೆ ಆಧಾರ 12 ರಾಜ್ಯಗಳ ವಿದ್ಯಾರ್ಥಿಗಳು ಬರೆದ 7,804 ಉತ್ತರಗಳು. ಮಿಡ್ಲ್ ಸ್ಕೂಲಿನ ಮಕ್ಕಳಲ್ಲಿ ಶೇ. 80ಕ್ಕೂ ಹೆಚ್ಚು ಮಂದಿ, ‘ಪ್ರಾಯೋಜಿತ’ ಎಂದು ಹಣೆಪಟ್ಟಿ ಹೊತ್ತಿದ್ದ ಜಾಹೀರಾತನ್ನು ಸುದ್ದಿಯೆಂದೇ ನಂಬಿದರು. ಮಕ್ಕಳು ತಾನೇ ಎನ್ನಬಹುದು. ಮರುವರ್ಷದ ಅಧ್ಯಯನ ಆ ಸಮಾಧಾನವನ್ನೂ ಕಿತ್ತುಕೊಂಡಿತು. ಈ ಸಲ ಪರೀಕ್ಷೆಗೆ ಕೂತವರು ಪಿಎಚ್.ಡಿ. ಪಡೆದ 10 ಇತಿಹಾಸಕಾರರು, ವೃತ್ತಿಯಿಂದಲೇ ಸತ್ಯಾಸತ್ಯ ಪರಿಶೀಲಿಸುವ 10 ಮಂದಿ ಮತ್ತು ಸ್ಟ್ಯಾನ್‌ಫರ್ಡ್‌ನ 25 ವಿದ್ಯಾರ್ಥಿಗಳು. ಹೆಸರಿನಲ್ಲಿ ಅವಳಿಜವಳಿಯಂತೆ ಕಾಣುವ ಎರಡು ಮಕ್ಕಳ ವೈದ್ಯರ ಸಂಸ್ಥೆಗಳ ಜಾಲತಾಣಗಳನ್ನು ಅವರ ಮುಂದೆ ಇರಿಸಲಾಯಿತು. ಒಂದು 1930ರಿಂದ ಇರುವ ದೊಡ್ಡ ವೃತ್ತಿಸಂಸ್ಥೆ. ಇನ್ನೊಂದು 2002ರಲ್ಲಿ ಅದರಿಂದ ಸಿಡಿದು ಹೊರಬಂದ ಸಣ್ಣ ಗುಂಪು. ಪರಿಶೀಲಕರು ಕೆಲವೇ ನಿಮಿಷಗಳಲ್ಲಿ ವ್ಯತ್ಯಾಸ ಹಿಡಿದರು. ಇತಿಹಾಸಕಾರರಲ್ಲಿ ಹಲವರು, ವಿದ್ಯಾರ್ಥಿಗಳಲ್ಲಿ ಬಹುಪಾಲು ಮಂದಿ ಎಡವಿದರು.

ಎಡವಿದ್ದು ಏಕೆಂಬುದೇ ಇಲ್ಲಿ ಮುಖ್ಯ. ಅವರು ಶ್ರದ್ಧೆಯಿಂದ ಓದಿದರು. ಆ ಪುಟವನ್ನೇ ಮೇಲಿನಿಂದ ಕೆಳಗಿನವರೆಗೆ, ಲಾಂಛನದಿಂದ ಅಡಿಟಿಪ್ಪಣಿಯವರೆಗೆ ಓದಿದರು. ಪುಟ ತನ್ನ ಬಗ್ಗೆ ತಾನು ಹೇಳಿಕೊಂಡದ್ದನ್ನೆಲ್ಲ ಪುರಸ್ಕರಿಸಿದರು. ಪರಿಶೀಲಕರಾದರೋ ಪುಟವನ್ನು ಸರಿಯಾಗಿ ನೋಡುವ ಮೊದಲೇ ಅದನ್ನು ಬಿಟ್ಟು ಪಕ್ಕದ ಟ್ಯಾಬುಗಳಿಗೆ ಹೋಗಿ, ಈ ಸಂಸ್ಥೆಯ ಬಗ್ಗೆ ಬೇರೆಯವರು ಏನು ಹೇಳುತ್ತಾರೆಂದು ವಿಚಾರಿಸಿದರು. ನಮ್ಮ ಹಳ್ಳಿಗಳಲ್ಲಿ ಹೆಣ್ಣು ಕೊಡುವ ಮುನ್ನ ಗಂಡಿನ ಮನೆಯವರ ಬಾಯಿಂದಲೇ ಗಂಡಿನ ಗುಣವನ್ನು ಕೇಳಿ ಯಾರೂ ಏಳುತ್ತಿರಲಿಲ್ಲ. ಪಕ್ಕದ ಬೀದಿಯಲ್ಲಿ, ಬಾವಿಕಟ್ಟೆಯಲ್ಲಿ ವಿಚಾರಿಸುತ್ತಿದ್ದರು. ವೈನ್‌ಬರ್ಗ್ ಅದಕ್ಕೆ ‘ಪಕ್ಕಕ್ಕೆ ಓದುವುದು’ ಎಂಬರ್ಥದ ಹೆಸರಿಟ್ಟರು. ಇದು ಹುಟ್ಟುಗುಣವಲ್ಲ, ಕಲಿಸಿದರೆ ಬರುವ ವಿದ್ಯೆ. ಪಿಎಚ್.ಡಿ. ಇದ್ದವರಿಗೂ ತಾನಾಗಿ ಬರಲಿಲ್ಲ ಎಂದಮೇಲೆ, ಎಂಜಿನಿಯರಿಂಗ್ ಪದವಿಯ ಬಲದಿಂದ ನಮಗೆ ಬಂದಿದೆ ಎಂದು ನಾವು ನಂಬಿರುವುದಕ್ಕೆ ಆಧಾರವೇನು?

ಆಧಾರವಿಲ್ಲ ಎಂಬುದಕ್ಕೆ ನಮ್ಮ ಗುಂಪುಗಳೇ ಸಾಕ್ಷಿ. ನಮ್ಮ ರಾಷ್ಟ್ರಗೀತೆಯನ್ನು ಯುನೆಸ್ಕೋ ಜಗತ್ತಿನ ಅತ್ಯುತ್ತಮ ಗೀತೆಯೆಂದು ಸಾರಿತು ಎಂಬ ಸುದ್ದಿಯನ್ನು ಯುನೆಸ್ಕೋ 2008ರಲ್ಲಿಯೇ ಅಲ್ಲಗಳೆದಿದೆ. ಪ್ರತಿ ಆಗಸ್ಟ್‌ನಲ್ಲೂ ಅದು ಮರಳಿ ಬರುತ್ತದೆ. ದೀಪಾವಳಿಯ ರಾತ್ರಿ ನಾಸಾ ತೆಗೆದ ಭಾರತದ ಚಿತ್ರ ಎಂದು ಹರಿದಾಡುವುದು ಅನೇಕ ವರ್ಷಗಳ ದತ್ತಾಂಶವನ್ನು ಬಣ್ಣ ಕೊಟ್ಟು ಜೋಡಿಸಿದ ನಕ್ಷೆ. ನಾಸಾ 2012ರಲ್ಲಿ ಸ್ಪಷ್ಟನೆ ನೀಡಿತು. ಇವನ್ನು ಕಳುಹಿಸುವವರು ನಿರಕ್ಷರಿಗಳಲ್ಲ. ಸರ್ವರುಗಳ ಸಾಲನ್ನು ನಿಭಾಯಿಸುವವರು, ಚಿಪ್ಪಿನ ವಿನ್ಯಾಸದಲ್ಲಿ ಒಂದು ದೋಷವನ್ನು ಹುಡುಕಲು ಮೂರು ರಾತ್ರಿ ನಿದ್ದೆಗೆಡುವವರು. ಕೋಡಿನಲ್ಲಿ ಒಂದು ಅಲ್ಪವಿರಾಮ ತಪ್ಪಿದರೆ ಸಹಿಸದವರು ಇತಿಹಾಸದಲ್ಲಿ ಮೂರು ವರ್ಷ, ಒಂದು ಸಾಗರ ತಪ್ಪಿದರೂ ‘ಫಾರ್ವರ್ಡ್’ ಒತ್ತುತ್ತೇವೆ. ಕವಿರಾಜಮಾರ್ಗಕಾರನು ನಾಡವರನ್ನು ಓದದೆಯೂ ಕಾವ್ಯದಲ್ಲಿ ನುರಿತವರು ಎಂದು ಹೊಗಳಿದ್ದನ್ನು ನಾವು ಪ್ರತಿ ವೇದಿಕೆಯಲ್ಲೂ ನೆನೆಯುತ್ತೇವೆ. ಆ ಹೊಗಳಿಕೆ ಫಾರ್ವರ್ಡ್ ಮಾಡುವುದಕ್ಕೂ ಅನ್ವಯಿಸುತ್ತದೆಂದು ತಿಳಿದಂತಿದೆ. (ಆ ಗ್ರಂಥವನ್ನು ಬರೆದವನು ನೃಪತುಂಗನೋ ಶ್ರೀವಿಜಯನೋ ಎಂದು ವಿದ್ವಾಂಸರು ಎಷ್ಟು ಕಾಲ ವಾದಿಸಿದರೆಂಬುದು ಮಾತ್ರ ಯಾವ ಫಾರ್ವರ್ಡಿನಲ್ಲೂ ಬರುವುದಿಲ್ಲ.)

ಮೆಕಾಲೆಯ ವಿಷಯಕ್ಕೆ ಮರಳೋಣ. ಅಲ್ಲಿ ನಮ್ಮ ನಷ್ಟ ಬರೀ ಮರ್ಯಾದೆಯದಲ್ಲ. ಹುಡುಗಿಯ ಪತ್ರ ನಾಚಿಸಿದ ಮೇಲೆ ನಮ್ಮಲ್ಲಿಬ್ಬರು ಆ ಟಿಪ್ಪಣಿಯನ್ನು ತೆಗೆದು ಓದಿದೆವು. ನಿಜವಾದ ಮೆಕಾಲೆ ಸುಳ್ಳು ಮೆಕಾಲೆಗಿಂತ ಹೆಚ್ಚು ಕ್ರೂರ. ತನಗೆ ಸಂಸ್ಕೃತವೂ ಬಾರದು, ಅರಬ್ಬಿಯೂ ಬಾರದು ಎಂದು ಅವನೇ ಒಪ್ಪಿಕೊಳ್ಳುತ್ತಾನೆ. ಆ ಬೆನ್ನಿಗೇ, ಒಳ್ಳೆಯ ಯುರೋಪಿಯನ್ ಗ್ರಂಥಾಲಯದ ಒಂದೇ ಕಪಾಟು ಭಾರತ ಮತ್ತು ಅರಬ್ ದೇಶಗಳ ಸಮಸ್ತ ಸಾಹಿತ್ಯಕ್ಕೆ ಸಮ ಎಂಬ ಅಭಿಪ್ರಾಯವನ್ನು ಎತ್ತಿ ಹಿಡಿಯುತ್ತಾನೆ. ನಮ್ಮ ಶಾಲೆಗಳ ನೂರೆಂಬತ್ತು ವರ್ಷಗಳ ಹಣೆಬರಹದ ಮೇಲೆ ನೆರಳು ಚೆಲ್ಲಿದ ದಾಖಲೆ ಇದು. ಅಸಲಿ ಕೈಯಲ್ಲಿರುವಾಗ ನಕಲಿಯನ್ನು ಹಿಡಿದು ಓಡಾಡುವುದೆಂದರೆ ಎದುರಾಳಿಗೆ ಗೆಲುವನ್ನು ಬಳುವಳಿ ಕೊಟ್ಟಂತೆ: ನಕಲಿಯೆಂದು ತೋರಿಸಿಕೊಟ್ಟ ದಿನ ನಮ್ಮ ಇಡೀ ದೂರೇ ಬಿದ್ದುಹೋಗುತ್ತದೆ. ಇನ್ನೊಂದು ಸಂಗತಿ ನಮ್ಮನ್ನು ಚುಚ್ಚಿತು. ಮದರಾಸಿನಲ್ಲಿ ಇಳಿದ ಮೆಕಾಲೆ ಊಟಿಗೆ ಹೋದದ್ದು ಬೆಂಗಳೂರು, ಶ್ರೀರಂಗಪಟ್ಟಣ, ಮೈಸೂರುಗಳ ಮಾರ್ಗವಾಗಿ. ಕನ್ನಡ ನಾಡನ್ನು ಪಲ್ಲಕ್ಕಿಯಲ್ಲಿ ದಾಟಿ ಹೋದ ಮನುಷ್ಯನ ಬಗ್ಗೆ ನಮಗೆ ತಿಳಿದಿದ್ದದ್ದು ಅವನಾಡದ ಮಾತು ಮಾತ್ರ!

ಇನ್ನು, ಮಾಹಿತಿ ಸಾಕ್ಷರತೆಯೆಂಬುದು ಅಮೆರಿಕದ ಗ್ರಂಥಪಾಲಕರು ಕಟ್ಟಿದ ಹೊಸ ಹುರುಪು ಎಂಬ ಆಕ್ಷೇಪ. ಹೆಸರು ಹೊಸದು, ಒಪ್ಪೋಣ. ಪಾಲ್ ಜುರ್ಕೋವ್ಸ್ಕಿ ಎಂಬವರು 1974ರಲ್ಲಿ ಅದನ್ನು ಬಳಕೆಗೆ ತಂದರು. ವಿದ್ಯೆ ಮಾತ್ರ ನಮ್ಮಲ್ಲಿ ಹಳೆಯದು. ಡಿ. ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥಸಂಪಾದನೆ’ಯನ್ನು ನಮ್ಮಲ್ಲಿ ಕನ್ನಡ ಎಂ.ಎ. ಮಾಡಿದವರು ಬಲ್ಲರು. ಓಲೆಗರಿಯಿಂದ ಓಲೆಗರಿಗೆ ಪ್ರತಿ ಮಾಡುವಾಗ ಲಿಪಿಕಾರನ ಕಣ್ಣು ಎಲ್ಲಿ ಜಾರುತ್ತದೆ, ಯಾವ ಪಾಠಾಂತರವನ್ನು ಒಪ್ಪಬೇಕು, ಪ್ರಕ್ಷಿಪ್ತವನ್ನು ಹೇಗೆ ಗುರುತಿಸಬೇಕು ಎಂಬುದೇ ಆ ಶಾಸ್ತ್ರ. ಅದರ ಮೊದಲ ಪಾಠಗಳಲ್ಲೊಂದು ಪ್ರತಿಗಳನ್ನು ಎಣಿಸಬಾರದು, ಅವುಗಳ ವಂಶಾವಳಿಯನ್ನು ಹುಡುಕಬೇಕು ಎಂಬುದು. ಒಂದೇ ತಾಯಿಪ್ರತಿಯಿಂದ ಹುಟ್ಟಿದ ಹತ್ತು ಓಲೆಕಟ್ಟುಗಳು ಒಂದೇ ತಪ್ಪನ್ನು ಹೇಳಿದರೆ ಅವು ಹತ್ತು ಸಾಕ್ಷಿಗಳಾಗುವುದಿಲ್ಲ. ಒಂದೇ ಸಾಕ್ಷಿ, ಅದೂ ಕೆಟ್ಟ ಸಾಕ್ಷಿ. ‘ಎಲ್ಲ ಗುಂಪುಗಳಲ್ಲೂ ಬಂದಿದೆ, ಸುಳ್ಳಾಗಿರಲಾರದು’ ಎನ್ನುವವರಿಗೆ ಇದಕ್ಕಿಂತ ಒಳ್ಳೆಯ ಉತ್ತರವನ್ನು ಅಮೆರಿಕದ ಯಾವ ಗ್ರಂಥಪಾಲಕರೂ ಕೊಡಲಾರರು. ಆ ಹುಡುಗಿ ಇಲ್ಲಿ ಕಲಿತದ್ದು ಡಿ.ಎಲ್.ಎನ್. ಅವರ ವಿದ್ಯೆಯನ್ನೇ. ನಾವು ಅದನ್ನು ಊರಿನಲ್ಲಿ ಬಿಟ್ಟು ಬಂದೆವು. ಅವಳಿಗೆ ಅದು ಇಂಗ್ಲಿಷಿನಲ್ಲಿ ಸಿಕ್ಕಿತು.

ಕ್ಯಾಲಿಫೋರ್ನಿಯಾ ಸರ್ಕಾರವೂ ಇದರ ಅಗತ್ಯವನ್ನು ಕಂಡಿದೆ. ನಮ್ಮ ಪೆನಿನ್ಸುಲಾದ ಶಾಸಕ ಮಾರ್ಕ್ ಬರ್ಮನ್ ತಂದ ಎಬಿ 873 ಎಂಬ ಮಸೂದೆ 2023ರಲ್ಲಿ ಕಾನೂನಾಯಿತು. ಭಾಷೆ, ಗಣಿತ, ವಿಜ್ಞಾನ, ಇತಿಹಾಸಗಳ ಶಾಲಾ ಪಠ್ಯಕ್ರಮ ಪರಿಷ್ಕರಣೆಯಾದಂತೆ ಮಾಧ್ಯಮ ಸಾಕ್ಷರತೆ ಅವುಗಳೊಳಗೇ ಸೇರಬೇಕೆಂಬುದು ಅದರ ಆಶಯ. ಸ್ಯಾನ್ ಹೋಸೆಯಲ್ಲಂತೂ ಒಂದು ಕೌತುಕವೇ ಇದೆ. ಮಾರ್ಟಿನ್ ಲೂಥರ್ ಕಿಂಗ್ ಗ್ರಂಥಾಲಯ 2003ರಿಂದ ನಗರದ ಸಾರ್ವಜನಿಕ ಗ್ರಂಥಾಲಯವೂ ಹೌದು, ಸ್ಯಾನ್ ಹೋಸೆ ಸ್ಟೇಟ್ ವಿಶ್ವವಿದ್ಯಾಲಯದ ಗ್ರಂಥಾಲಯವೂ ಹೌದು. ಅಂದರೆ, ಊರಿನಿಂದ ಆರು ತಿಂಗಳಿಗೆಂದು ಬಂದು ಬೇಸರದಿಂದ ಕಿಟಕಿ ನೋಡುತ್ತ ಕೂರುವ ನಮ್ಮ ತಂದೆತಾಯಂದಿರೂ ಸಂಶೋಧಕರು ಕುಳಿತುಕೊಳ್ಳುವ ಅದೇ ಸೂರಿನಡಿ ಹೋಗಿ ಪುಸ್ತಕ ತಿರುವಬಹುದು. ಎಷ್ಟು ಮಂದಿಯನ್ನು ನಾವು ಕರೆದುಕೊಂಡು ಹೋಗಿದ್ದೇವೆ? ಔಟ್‌ಲೆಟ್ ಮಾಲಿಗೆ ಹೋದ ಲೆಕ್ಕ ನಮ್ಮಲ್ಲಿದೆ.

ಈಗ ಅಂತರಶಿಸ್ತೀಯ ಪದವಿಯ ಮಾತು. ‘ಅದಷ್ಟು ಇದಷ್ಟು, ಯಾವುದೂ ಪೂರ್ತಿಯಿಲ್ಲ’ ಎಂಬುದು ಸಾಮಾನ್ಯ ನಿಂದನೆ. ಇದರಲ್ಲಿ ಸತ್ಯವಿಲ್ಲದಿಲ್ಲ. ಪ್ರಶ್ನೆಯಿಲ್ಲದೆ ಮೂರು ವಿಭಾಗಗಳಿಂದ ಸುಲಭದ ಕೋರ್ಸುಗಳನ್ನು ಆಯ್ದು ಪೇರಿಸಿದರೆ ಅದು ಕಲಬೆರಕೆಯೇ ಸರಿ. ಸ್ಟ್ಯಾನ್‌ಫರ್ಡ್ 2014ರಲ್ಲಿ ಕಂಪ್ಯೂಟರ್ ಸೈನ್ಸನ್ನು ಇಂಗ್ಲಿಷ್, ಸಂಗೀತ ಮುಂತಾದವುಗಳೊಡನೆ ಬೆಸೆಯುವ ಜಂಟಿ ಪದವಿಗಳನ್ನು ಪ್ರಯೋಗಾರ್ಥ ತೆರೆದು, ಕೆಲವು ವರ್ಷಗಳಲ್ಲಿ ಮುಚ್ಚಿತು. ಕರ್ನಾಟಕದಲ್ಲಿ 2021ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯಡಿ ನಾಲ್ಕು ವರ್ಷಗಳ ಪದವಿ ಬಂತು. ವಾಣಿಜ್ಯದ ವಿದ್ಯಾರ್ಥಿಯೂ ಬೇರೆ ವಿಭಾಗದ ಮುಕ್ತ ಐಚ್ಛಿಕವನ್ನು ಓದಬೇಕೆಂದಾಯಿತು. ಸರ್ಕಾರ ಬದಲಾದ ಬಳಿಕ, 2024ರಲ್ಲಿ ಮತ್ತೆ ಮೂರು ವರ್ಷವಾಯಿತು. ನಡುವೆ ಸಿಲುಕಿದ ನಮ್ಮ ತಮ್ಮಂದಿರ, ಅಕ್ಕನ ಮಕ್ಕಳ ಗೋಳನ್ನು ನಾವು ಫೋನಿನಲ್ಲಿ ಕೇಳಿದ್ದೇವೆ. ಅಪ್ಪಣೆಯಿಂದ ಬಂದದ್ದು ಅಪ್ಪಣೆಯಿಂದ ಹೋಯಿತು.

ಆದರೆ ಒಳ್ಳೆಯದು ಹೇಗಿರುತ್ತದೆಂದೂ ಇಲ್ಲಿಯೇ ನೋಡಬಹುದು. ಬರ್ಕ್ಲಿಯ ಅಂತರಶಿಸ್ತೀಯ ಅಧ್ಯಯನದ ಪದವಿಯಲ್ಲಿ ವಿದ್ಯಾರ್ಥಿ ತನ್ನ ಪ್ರಶ್ನೆಯನ್ನು ತಾನೇ ರೂಪಿಸಿ, ಅದಕ್ಕೆ ಬೇಕಾದ ಕೋರ್ಸುಗಳನ್ನು ಹಲವು ವಿಭಾಗಗಳಿಂದ ಆಯ್ದು, ಅವು ಏಕೆ ಬೇಕೆಂದು ಸಮರ್ಥಿಸಿ, ಕೊನೆಯಲ್ಲಿ ಪ್ರಬಂಧವೊಂದನ್ನು ಬರೆದು ಮುಗಿಸಬೇಕು. ಸುಲಭದ ದಾರಿ ಎನ್ನುವವರು ಒಮ್ಮೆ ಬರೆದು ನೋಡಲಿ. ಸ್ಟ್ಯಾನ್‌ಫರ್ಡ್‌ನ ‘ಸಿಂಬಾಲಿಕ್ ಸಿಸ್ಟಮ್ಸ್’ 1986ರಿಂದ ತತ್ತ್ವಶಾಸ್ತ್ರ, ಭಾಷಾಶಾಸ್ತ್ರ, ಮನಶ್ಶಾಸ್ತ್ರ, ಕಂಪ್ಯೂಟರ್ ಸೈನ್ಸುಗಳನ್ನು ಒಂದೇ ಪದವಿಯಲ್ಲಿ ಕಲಿಸುತ್ತಿದೆ. ಲಿಂಕ್ಡ್‌ಇನ್ನಿನ ರೀಡ್ ಹಾಫ್‌ಮನ್, ಇನ್‌ಸ್ಟಾಗ್ರಾಮಿನ ಮೈಕ್ ಕ್ರೀಗರ್ ಅಲ್ಲಿ ಓದಿದವರು. ಈ ಹೆಸರುಗಳನ್ನು ಬರೆಯುವಾಗ ನಮಗೆ ತುಸು ಸಂಕೋಚವೂ ಆಗುತ್ತದೆ; ದುಡ್ಡಿನ ಸಾಕ್ಷ್ಯವಿಲ್ಲದೆ ನಮ್ಮವರು ಯಾವ ವಿದ್ಯೆಯನ್ನೂ ಒಪ್ಪುವುದಿಲ್ಲವೆಂಬ ಅರಿವಿನಿಂದ ಬರೆದದ್ದು.

ನಮ್ಮ ಮನಸ್ಸಿನಲ್ಲಿರುವ ಉದಾಹರಣೆ ಬೇರೆ. ಈಜಿಪ್ಟಿನ ಆಕ್ಸಿರಿಂಕಸ್ ಎಂಬಲ್ಲಿ ಸಿಕ್ಕ, ಕ್ರಿಸ್ತಶಕ ಎರಡನೆಯ ಶತಮಾನದ್ದೆನ್ನಲಾದ ಪಪೈರಸ್ಸಿನಲ್ಲಿ ಒಂದು ಗ್ರೀಕ್ ಪ್ರಹಸನವಿದೆ. ಭಾರತದ ತೀರದಲ್ಲಿ ಸೆರೆಸಿಕ್ಕ ಕಾರಿಶನ್ ಎಂಬ ಗ್ರೀಕ್ ಯುವತಿಯನ್ನು ಅವಳ ಅಣ್ಣನ ಕಡೆಯವರು ಅಲ್ಲಿನ ರಾಜನಿಗೆ ಮದ್ಯ ಕುಡಿಸಿ ಬಿಡಿಸಿಕೊಂಡು ಹೋಗುವ ಕಥೆ. ಅದರಲ್ಲಿ ಭಾರತೀಯ ಪಾತ್ರಗಳು ಆಡುವ ಮಾತು ಗ್ರೀಕ್ ಅಲ್ಲ. ಅದು ಕನ್ನಡ ಎಂದು 1904ರಲ್ಲಿ ಶಾಸನತಜ್ಞ ಹುಲ್ಟ್ಸ್ ಸೂಚಿಸಿದ. ಅರ್ಥಶಾಸ್ತ್ರವನ್ನು ಬೆಳಕಿಗೆ ತಂದ ನಮ್ಮ ಆರ್. ಶಾಮಾಶಾಸ್ತ್ರಿಗಳು ಬೆಂಬಲಿಸಿದರು, ಮಂಜೇಶ್ವರದ ಗೋವಿಂದ ಪೈಗಳು ಕೈಗೆತ್ತಿಕೊಂಡರು, 1926ರಲ್ಲಿ ಬಾರ್ನೆಟ್ ಎಂಬ ವಿದ್ವಾಂಸ ಒಪ್ಪುವುದಿಲ್ಲವೆಂದು ಬರೆದ, ಅದು ತುಳು ಎಂದವರಿದ್ದಾರೆ, ನಗಿಸಲು ಕಟ್ಟಿದ ಅರ್ಥವಿಲ್ಲದ ಸದ್ದು ಎಂದವರೂ ಇದ್ದಾರೆ. ನಮ್ಮ ವೇದಿಕೆಗಳಲ್ಲಿ ಇದೆಲ್ಲ ಒಂದು ವಾಕ್ಯವಾಗಿ ಕುಗ್ಗುತ್ತದೆ: ಎರಡು ಸಾವಿರ ವರ್ಷಗಳ ಹಿಂದೆ ಗ್ರೀಕರು ಕನ್ನಡದಲ್ಲಿ ನಾಟಕ ಬರೆದರು. ಚಪ್ಪಾಳೆ.

ಈ ಪ್ರಶ್ನೆಯನ್ನು ವಿಶ್ವವಿದ್ಯಾಲಯದ ಯಾವ ವಿಭಾಗಕ್ಕೆ ಒಯ್ಯುತ್ತೀರಿ? ಗ್ರೀಕ್ ಬಲ್ಲವರಿಗೆ ಹಳಗನ್ನಡ ಬಾರದು. ಹಳಗನ್ನಡದ ವಿದ್ವಾಂಸರಿಗೆ ಪಪೈರಸ್ ಓದುವ ಅಭ್ಯಾಸವಿಲ್ಲ. ದ್ರಾವಿಡ ಭಾಷಾಶಾಸ್ತ್ರಜ್ಞರು ಎರಡನೆಯ ಶತಮಾನದ ಧ್ವನಿರೂಪಗಳನ್ನು ಪುನಾರಚಿಸಬಲ್ಲರು. ಕರಾವಳಿಯ ಬಂದರುಗಳ ವ್ಯಾಪಾರದ ಲೆಕ್ಕ ಬೇಕೆಂದರೆ ಇತಿಹಾಸ ವಿಭಾಗಕ್ಕೆ ಹೋಗಬೇಕು. ಆ ಅಕ್ಷರಗಳ ಸರಣಿಯಲ್ಲಿ ಭಾಷೆಯ ಲಕ್ಷಣವಿದೆಯೇ ಎಂದು ಅಳೆಯಲು, ಅಚ್ಚರಿಪಡಬೇಡಿ, ಕಂಪ್ಯೂಟರ್ ಸೈನ್ಸ್ ಕೂಡ ಬೇಕಾದೀತು. ನಮಗೆ ಅತ್ಯಂತ ಪ್ರಿಯವಾದ ಪ್ರಶ್ನೆಯೊಂದು ಅಂತರಶಿಸ್ತೀಯ ಪದವಿಯೊಳಗಲ್ಲದೆ ಬೇರೆಲ್ಲೂ ಇಡಿಯಾಗಿ ಹಿಡಿಸದು. ಕನ್ನಡದ ಹಳಮೆಗೆ ಚಪ್ಪಾಳೆ ತಟ್ಟಿದ ಕೈಯಲ್ಲೇ, ಅದನ್ನು ಪರೀಕ್ಷಿಸಬಲ್ಲ ಹುಡುಗಿಯ ಬೆನ್ನಿಗೆ ಗುದ್ದಿದೆವಲ್ಲ!

ಗಣಿತದ ಮೇಷ್ಟರಾಗಿದ್ದ ಎಸ್. ಆರ್. ರಂಗನಾಥನ್ 1924ರಲ್ಲಿ ಮದರಾಸು ವಿಶ್ವವಿದ್ಯಾಲಯದ ಗ್ರಂಥಪಾಲಕರಾದಾಗಲೂ ಅವರ ಬಂಧುಬಳಗ ‘ಇದೇನು ಪುಸ್ತಕ ಎಣಿಸುವ ಕೆಲಸ’ ಎಂದಿದ್ದರೆ ಆಶ್ಚರ್ಯವಿಲ್ಲ. ಅವರು 1933ರಲ್ಲಿ ಪ್ರಕಟಿಸಿದ ಕೋಲನ್ ವರ್ಗೀಕರಣದ ಮೂಲ ಆಲೋಚನೆ, ಒಂದು ವಸ್ತುವನ್ನು ಒಂದೇ ಗೂಡಿನಲ್ಲಿ ತುರುಕದೆ ಹಲವು ಮುಖಗಳಿಂದ ವರ್ಗೀಕರಿಸುವುದು. ಇಂದು ಅಂಗಡಿಯ ಜಾಲತಾಣದಲ್ಲಿ ಬಣ್ಣ, ಅಳತೆ, ಬೆಲೆ ಎಂದು ಒಂದೊಂದಾಗಿ ಗುರುತು ಹಾಕಿ ಸೀರೆ ಹುಡುಕುವಾಗ ನಾವು ಬಳಸುವುದು ಅದೇ ಆಲೋಚನೆಯನ್ನು. ಅವರು 1962ರಲ್ಲಿ ಬೆಂಗಳೂರಿನಲ್ಲಿ ದಾಖಲೀಕರಣ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಕಟ್ಟಿದರು. ಅಲ್ಲಿಯೇ 1972ರಲ್ಲಿ ತೀರಿಕೊಂಡರು. ಬೆಂಗಳೂರಿನ ಸಾಫ್ಟ್‌ವೇರಿನ ಕಥೆಯನ್ನು ನಾವು ಇಲ್ಲಿನ ಗೆಳೆಯರಿಗೆ ಹೇಳುವಾಗ ಈ ಅಧ್ಯಾಯವನ್ನು ಏಕೆ ಬಿಡುತ್ತೇವೋ ತಿಳಿಯದು.

ಇಷ್ಟೆಲ್ಲ ಹೇಳಿದ ಮೇಲೂ ಆ ತಾಯಿಯ ಅಂಜಿಕೆಯನ್ನು ತಳ್ಳಿಹಾಕಿದರೆ ನಾವು ಕೃತಘ್ನರಾಗುತ್ತೇವೆ. ನಮ್ಮಲ್ಲಿ ಎಷ್ಟೋ ಮನೆಗಳು ಗ್ರೀನ್ ಕಾರ್ಡಿನ ಸರತಿಯಲ್ಲಿ ವರ್ಷಗಟ್ಟಲೆ ನಿಂತಿವೆ. ಮಗುವಿಗೆ 21 ತುಂಬಿದರೆ ಎಚ್-4ರ ಆಸರೆ ತಪ್ಪುತ್ತದೆ. ಎಫ್-1ಕ್ಕೆ ಬದಲಾಯಿಸಿಕೊಂಡ ಮಗುವಿಗೆ ಪದವಿಯ ಬಳಿಕ 12 ತಿಂಗಳು ಕೆಲಸದ ಅನುಮತಿ. ಓದಿದ ವಿಷಯ ಸರ್ಕಾರದ ‘ಸ್ಟೆಮ್’ ಪಟ್ಟಿಯಲ್ಲಿದ್ದರೆ ಇನ್ನೂ 24 ತಿಂಗಳು. ಎರಡು ವರ್ಷದ ಅಂತರದಲ್ಲಿ ಒಂದು ಮಗುವಿನ ದೇಶವೇ ನಿರ್ಧಾರವಾಗುವಾಗ ‘ನಿನಗಿಷ್ಟವಾದದ್ದು ಓದು’ ಎಂದು ಉಪದೇಶಿಸುವುದು ಪಾಸ್‌ಪೋರ್ಟ್ ಭದ್ರವಾಗಿರುವವರ ಚಪಲ. ಅಂಥ ಮನೆಗಳಿಗೆ ನಾವು ಹೇಳುವುದು ಇಷ್ಟೇ: ಪಟ್ಟಿಯನ್ನು ನೀವೇ ತೆರೆದು ಓದಿ, ನೆರೆಯವರ ಮಾತಿನ ಮೇಲೆ ಹೋಗಬೇಡಿ. ಅರಿವಿನ ವಿಜ್ಞಾನ, ದತ್ತಾಂಶ ವಿಜ್ಞಾನ ಮುಂತಾದ ಹಲವು ಅಂತರಶಿಸ್ತೀಯ ವಿಷಯಗಳು ಅದರಲ್ಲಿವೆ. ಮಾಹಿತಿ ಸಾಕ್ಷರತೆಯ ಕೋರ್ಸಾದರೋ ಯಾವ ಪದವಿಯ ಜೊತೆಗೂ ಓದಬಹುದಾದದ್ದು.

ಆದರೆ ಊಟದ ಸಾಲಿನಲ್ಲಿ ನಕ್ಕವರು, ನಾವೂ ಸೇರಿ, ಅಂಥ ಮನೆಯವರಲ್ಲ. ನಮಗೆ ಪೌರತ್ವವಿದೆ, ಮನೆಯಿದೆ, ಷೇರುಗಳಿವೆ. ನಮ್ಮ ನಗು ಅಂಜಿಕೆಯಿಂದ ಬಂದದ್ದಲ್ಲ. ಓದದೆ ಕೊಟ್ಟ ತೀರ್ಪು. ತಾನು ಓದಲಾರದ ಕಪಾಟನ್ನು ಕೀಳೆಂದ ಮೆಕಾಲೆಯನ್ನು ನವೆಂಬರಿನಲ್ಲಿ ಬೈದೆವು. ಏಪ್ರಿಲಿನಲ್ಲಿ ಅವನ ಕುರ್ಚಿಯಲ್ಲೇ ಕುಳಿತೆವು. ಪ್ರಶ್ನೆ ಕೇಳಿದರೆ ಆಧಾರ ಸಹಿತ ಉತ್ತರವನ್ನು ನಯವಾಗಿ, ಕ್ಷಣದಲ್ಲಿ ಕೊಡುವ, ಆಗಾಗ ಇಲ್ಲದ ಪುಸ್ತಕದ ಇಲ್ಲದ ಪುಟವನ್ನೂ ತೋರಿಸುವ ಯಂತ್ರಗಳು ಮನೆಮನೆಗೆ ಬಂದಿವೆ. ಅವನ್ನು ಕಟ್ಟುವ ಕಂಪನಿಗಳು ನಮ್ಮ ಫ್ರೀವೇಗಳ ಇಕ್ಕೆಲಗಳಲ್ಲಿವೆ, ಅಲ್ಲಿ ನಮ್ಮವರಿದ್ದಾರೆ. ಕಟ್ಟುವವರಿಗೂ ಬಳಸುವವರಿಗೂ ‘ಇದರ ಮೂಲ ಎಲ್ಲಿ’ ಎಂದು ಕೇಳುವ ಅಭ್ಯಾಸವಿಲ್ಲದಿದ್ದರೆ, ಮುಂದಿನ ಸುಳ್ಳು ಮೆಕಾಲೆ ಅಚ್ಚಗನ್ನಡದಲ್ಲಿ, ಒತ್ತಕ್ಷರದ ಒಂದು ತಪ್ಪೂ ಇಲ್ಲದೆ ಬರುತ್ತಾನೆ.

ಸಂಪಾದಕ ಬಳಗ ಕುಳಿತು ಕೆಲವು ನಿರ್ಧಾರ ಮಾಡಿದೆ. ಇನ್ನು ಮುಂದೆ ಈ ಪುಟಕ್ಕೆ ಬರುವ ಲೇಖನದಲ್ಲಿ ಯಾರದಾದರೂ ಮಾತನ್ನು ಉದ್ಧರಿಸಿದ್ದರೆ ಅದು ಎಲ್ಲಿಂದ ಬಂತೆಂದು ಬರೆದವರೇ ನಮಗೆ ತಿಳಿಸಬೇಕು. ತಿಳಿಸದಿದ್ದರೆ ಆ ಸಾಲನ್ನು ತೆಗೆಯುತ್ತೇವೆ, ಬರೆದವರು ಎಷ್ಟೇ ಹಿರಿಯರಿರಲಿ. ಕೂಟದ ವಿದ್ಯಾರ್ಥಿ ಪುರಸ್ಕಾರದ ಅರ್ಜಿಯಲ್ಲಿ ‘ಎಂಜಿನಿಯರಿಂಗ್, ವೈದ್ಯಕೀಯ, ಇತರೆ’ ಎಂಬ ಮೂರು ಚೌಕಗಳಿವೆ. ಈ ‘ಇತರೆ’ಯನ್ನು ತೆಗೆದು, ಓದುವ ವಿಷಯವನ್ನು ವಿದ್ಯಾರ್ಥಿಗಳೇ ಬರೆಯುವಂತೆ ಮಾಡಬೇಕೆಂದು ಕಾರ್ಯಕಾರಿ ಸಮಿತಿಯನ್ನು ಕೇಳಿದ್ದೇವೆ. ಕಾಲೇಜು ಪ್ರವೇಶದ ಮಾಹಿತಿ ಸಭೆಗೆ ಪ್ರತಿ ವರ್ಷ ಅದೇ ಇಬ್ಬರು ಸಲಹೆಗಾರರನ್ನು ಕರೆಯುವ ಬದಲು ಈ ಸಲ ಒಬ್ಬ ಗ್ರಂಥಪಾಲಕರನ್ನೂ ಕರೆಯಬೇಕೆಂದು ಕೇಳಿದ್ದೇವೆ. ಸಮಿತಿ ಇನ್ನೂ ಉತ್ತರಿಸಿಲ್ಲ. ಐದು ತಿಂಗಳು ತೆಗೆದುಕೊಳ್ಳಲಾರದು ಎಂದು ನಂಬಿದ್ದೇವೆ. ಭಾನುವಾರದ ಕನ್ನಡ ತರಗತಿಯ ದೊಡ್ಡ ಮಕ್ಕಳಿಗೆ, ಅಪ್ಪ ಅಮ್ಮನ ಫೋನಿಗೆ ಬಂದ ಒಂದು ಫಾರ್ವರ್ಡನ್ನು ಹಿಡಿದು ಅದರ ತಾಯಿಪ್ರತಿಯವರೆಗೆ ಹೋಗಿ ಬರುವ ಕೆಲಸವನ್ನು ಶಿಕ್ಷಕಿಯರು ಈಗಾಗಲೇ ಕೊಟ್ಟಿದ್ದಾರೆ. ಫೋನು ಕೊಡಲು ಹಿಂಜರಿಯುವ ತಂದೆತಾಯಂದಿರ ಸಂಖ್ಯೆ ಕಡಿಮೆಯಿಲ್ಲವೆಂದು ಕೇಳಿದ್ದೇವೆ.

ಕಡೆಯದಾಗಿ, ನವೆಂಬರಿನಲ್ಲಿಯೇ ಪ್ರಕಟವಾಗಬೇಕಿದ್ದ ತಿದ್ದುಪಡಿ. ಕಳೆದ ರಾಜ್ಯೋತ್ಸವ ಸಂಚಿಕೆಯಲ್ಲಿ, 1835ರ ಫೆಬ್ರವರಿ 2ರಂದು ಮೆಕಾಲೆ ಬ್ರಿಟಿಷ್ ಪಾರ್ಲಿಮೆಂಟಿನಲ್ಲಿ ಆಡಿದನೆಂದು ನಾವು ಪ್ರಕಟಿಸಿದ ಮಾತುಗಳು ಅವನವಲ್ಲ. ಅಂದು ಅವನು ಕಲ್ಕತ್ತೆಯಲ್ಲಿದ್ದ. ಆ ಚೌಕಟ್ಟನ್ನು ಪುಟದಿಂದ ತೆಗೆದು, ತೆಗೆದುದರ ಕಾರಣವನ್ನು ಅಲ್ಲಿಯೇ ನಮೂದಿಸಿದ್ದೇವೆ. ತಪ್ಪನ್ನು ತೋರಿಸಿಕೊಟ್ಟ ವಿದ್ಯಾರ್ಥಿನಿಗೆ ಉತ್ತರ ಬರೆದು, ತಡವಾದುದಕ್ಕೆ ಕ್ಷಮೆ ಕೇಳಿದ್ದೇವೆ.